ಡಬಲ್ ಕೋಟ್ ತಾಯಪ್ಪ

ತಾಯಪ್ಪನಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿಯನ್ನು ರಾಯಚೂರಿನಲ್ಲಿ ಮೊದಲು ಹಬ್ಬಿಸಿದವನು ತಾಯಪ್ಪನೇ. ನಮ್ಮ ಓಣಿಯ ವಾಚನಾಲಯದಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಪುಸ್ತಕ ಜೋಡಿಸುವ ಕೆಲಸದಲ್ಲಿದ್ದಾನೆ. ಯಾರೋ ಪುಣ್ಯಾತ್ಮರು ಅಲ್ಲಿಗೊಂದು ಹಳೆಯ ಕಂಪ್ಯೂಟರ್ ದಾನ ಕೊಟ್ಟರು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ತಾಯಪ್ಪ ಮಾತ್ರ ಜಾಹೆದಾ ಮೇಡಂ ಅವರ ಕಂಪ್ಯೂಟರ್ ಕ್ಲಾಸಿಗೆ ನಲವತ್ತು ದಿನ ಹೋಗಿ ಬಂದ. ನಲವತ್ತೊಂದನೆಯ ದಿನದಿಂದ ಅವನ ನಡಿಗೆಯೇ ಬೇರೆಯಾಯಿತು. "ಏನ್ ಮಾಡಾಕತ್ತೀದಿ ತಾಯಪ್ಪ?" ಎಂದು ಯಾರಾದರೂ ಕೇಳಿದರೆ, "ಸ್ಕ್ರಿಪ್ಟ್ ಬರಿಯಾಕತ್ತೀನ್ರಿ" ಎನ್ನುವನು. ನಾಟಕ ಬರೆಯುತ್ತಿದ್ದಾನೆಂದು ತಿಳಿದು ಇಬ್ಬರು ಪಾತ್ರ ಕೇಳಿಕೊಂಡು ಮನೆಗೆ ಬಂದಿದ್ದರು.

ಅವನದು ನಾಟಕದ ಸ್ಕ್ರಿಪ್ಟಲ್ಲ, ಶೆಲ್ ಸ್ಕ್ರಿಪ್ಟು. ಅಂದರೆ, ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಆಜ್ಞೆಯಾಗಿ ಬರೆದಿಟ್ಟರೆ ಕಂಪ್ಯೂಟರ್ ಮರುಮಾತಾಡದೆ ನಡೆಸಿಕೊಂಡು ಹೋಗುತ್ತದೆ. ಮನೆಯಲ್ಲಿ ತಾಯಪ್ಪನ ಮಾತನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಈ ವಿದ್ಯೆ ಅವನಿಗೆ ಬಹಳ ಹಿಡಿಸಿತು.

ಇದೇ ಹೊತ್ತಿಗೆ ನಾವು ಕೆಲವರು ಸೇರಿ 'ಎರಡು ಹೊಳಿ ನಡುವಿನ ಹಿರಿಯ ತಾಯಂದಿರ ಸನ್ಮಾನ ಸಮಿತಿ' ಕಟ್ಟಿದ್ದೆವು. ಮಾನ್ವಿಯ ಅಕ್ಕಿ ಗಿರಣಿಯ ಚನ್ನವೀರಪ್ಪನವರು ಅಧ್ಯಕ್ಷರು. ಗಡಿಗೆಪ್ಪನೆಂಬ ನಾನು ಕಾರ್ಯದರ್ಶಿ. ರಾಯಚೂರು, ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಆಸ್ಪತ್ರೆ ದೂರವಿದ್ದ ಕಾಲಕ್ಕೆ ಹೆರಿಗೆ ಮಾಡಿಸಿದ ಸೂಲಗಿತ್ತಿಯರನ್ನು ಹುಡುಕಿ, ಶಾಲು ಹೊದಿಸಿ, ಚೌಕಟ್ಟು ಹಾಕಿದ ಮಾನಪತ್ರ ಕೊಡುವುದು ನಮ್ಮ ಉದ್ದೇಶ. ಹುಡುಕುವ ಕೆಲಸವನ್ನೂ ಮಾನಪತ್ರದ ಕೆಲಸವನ್ನೂ ತಾಯಪ್ಪ ಎದೆ ತಟ್ಟಿ ವಹಿಸಿಕೊಂಡ.

ಮಾತಿಗೆ ತಪ್ಪಲಿಲ್ಲ. ಗಿಲ್ಲೆಸುಗೂರಿನ ಬಸ್ಸು, ನೀರಮಾನ್ವಿಯ ಟಂಟಂ, ಮಸರಕಲ್‌ನ ಟ್ರ್ಯಾಕ್ಟರು, ಯಾವುದು ಸಿಕ್ಕರೆ ಅದನ್ನು ಹತ್ತಿ ನಲವತ್ತೆರಡು ಮುದುಕಿಯರನ್ನು ಕಂಡು, ಫೋಟೋ ತೆಗೆದುಕೊಂಡು ಬಂದ. ಒಂದೊಂದು ಫೋಟೋವನ್ನೂ ಹೆಸರು, ಊರು ಕೂಡಿಸಿ ಉಳಿಸಿದ: ಗೋಪಮ್ಮ ನೀರಮಾನ್ವಿ, ಮುನವ್ವರ್ ಬೀ ಗಿಲ್ಲೆಸುಗೂರು, ಬಿಸ್ಮಿಲ್ಲಾ ಬೀ ಮಸರಕಲ್. ಹೀಗೆ ಇಟ್ಟರೆ ಮಾನಪತ್ರಕ್ಕೆ ಹೆಸರನ್ನು ಮತ್ತೆ ಬರೆಯುವ ಕೆಲಸವೇ ಇಲ್ಲ, ಫೋಟೋದ ಹೆಸರನ್ನೇ ಸ್ಕ್ರಿಪ್ಟು ಎತ್ತಿಕೊಳ್ಳುತ್ತದೆ ಎಂಬುದು ಅವನ ಯೋಜನೆ.

ಮಸರಕಲ್‌ನಲ್ಲಿ ಮಾತ್ರ ಸ್ವಲ್ಪ ತಡವಾಗಿತ್ತು. ಎಂಬತ್ತು ದಾಟಿದ ಬಿಸ್ಮಿಲ್ಲಾ ಬೀ ಫೋಟೋಕ್ಕೆ ಮುಖ ಕೊಡುವ ಮೊದಲು ಒಂದು ಕರಾರು ಹಾಕಿದಳು.

"ಬೇಟಾ, ಕಾಗದದಾಗ ನನ್ನ ಹೆಸರು ಪೂರ್ತಿ ಬರೀತಿಯೇನು?"

"ಬರೀತೀನಿ ಯವ್ವಾ."

"ಎಲ್ಲಾರೂ ಹಂಗ ಅಂತಾರ. ಒಂದು ಕಾರ್ಡಿನ್ಯಾಗ ಬರೇ 'ಬಿಸ್ಮಿಲ್ಲಾ' ಅಂತ ಅದ. ಇನ್ನೊಂದರಾಗ 'ಬೀಬೀ' ಅಂತ ಅದ. ಮನಿ ಕಾಗದದಾಗ ನನ್ನ ಗಂಡನ ಹೆಸರಷ್ಟ ಅದ, ಅವ ಹೋಗಿ ಹದಿನೆಂಟು ವರ್ಷ ಆತು. ಊರಿನ ಅರ್ಧ ಮಂದೀನ ಈ ಕೈಯಿಂದ ಭೂಮಿಗಿ ಇಳಿಸೀನಿ. ನಾ ಪೂರ್ತಿ ಇರೋ ಕಾಗದ ಒಂದೂ ಇಲ್ಲ. ಪೂರ್ತಿ ಬರದ್ರ ರಾಯಚೂರಿಗಿ ಬರ್ತೀನಿ, ಇಲ್ಲಂದ್ರ ನಿಮ್ಮ ಶಾಲು ನೀವ ಹೊತ್ಕೊಳ್ರಿ."

"ನಮ್ಮವ್ವನಾಣಿ ಯವ್ವಾ, ಒಂದು ಅಕ್ಷರ ಕಡಿಮಿ ಆಗಂಗಿಲ್ಲ."

ತಾಯಪ್ಪ ಈ ಆಣೆಯನ್ನು ಚಾಚೂ ತಪ್ಪದೆ ಪಾಲಿಸಿದ. ಒಂದು ಅಕ್ಷರವೂ ಕಡಿಮೆಯಾಗಲಿಲ್ಲ. ಆದದ್ದೇ ಬೇರೆ.

ಮಾನ್ವಿಯಿಂದ ಬಸ್ಸಿನಲ್ಲಿ ಬರುವಾಗ ಅವನು ಜಾಹೆದಾ ಮೇಡಂಗೆ ಫೋನು ಮಾಡಿದ. ಸಲಹೆ ಕೇಳುವುದಕ್ಕಲ್ಲ, ತನ್ನ ಸ್ಕ್ರಿಪ್ಟು ಎಷ್ಟು ಚೆಂದ ಬಂದಿದೆ ಎಂದು ಹೇಳಿಕೊಳ್ಳುವುದಕ್ಕೆ. ಬಸ್ಸಿನಲ್ಲಿ ನೂರು ಮಂದಿ, ಎಂಟು ಕೋಳಿ, ಜೊತೆಗೆ ಡ್ರೈವರನ ಹಾರ್ನು. ಅದರ ನಡುವೆ ಮೇಡಂ ಹೇಳಿದ್ದರಲ್ಲಿ ಇವನಿಗೆ ಕೇಳಿಸಿದ್ದು ಇಷ್ಟು: "ಅರೇ... ಮಾಡ್ರಿ... ಮರೀಲಾರ್ದ ಡಬಲ್ ಕೋಟ್ ಹಾಕ್ರಿ... ಹಾಕಲಿಲ್ಲಂದ್ರ ಫಂಕ್ಷನ್ ದಿನ ಎಲ್ಲಾರ ಮುಂದ ಮರ್ಯಾದಿ ಹೋಗ್ತದ."

'ಅರೇ' ಎಂದದ್ದು ತನ್ನ ಜಾಣತನ ಕಂಡು ಆದ ಆಶ್ಚರ್ಯವೆಂದು ತಾಯಪ್ಪ ತಿಳಿದ. ನಮ್ಮ ಸೀಮೆಯಲ್ಲಿ ಹಾಲು ಉಕ್ಕಿದರೂ ಅರೇ, ಅಳಿಯ ಬಂದರೂ ಅರೇ. ಡಬಲ್ ಕೋಟ್ ಮಾತ್ರ ಅವನಿಗೆ ಅರ್ಥವಾಗಲಿಲ್ಲ. ಹಾಗೆಂದರೇನು ಎಂದು ಕೇಳಬಹುದಿತ್ತು. ಆದರೆ ಕಂಪ್ಯೂಟರ್ ಬಲ್ಲವನು ಕೇಳುವುದುಂಟೆ? "ಅಷ್ಟೂ ಗೊತ್ತಿಲ್ಲೇನ್ರಿ ಮೇಡಂ ನನಗ?" ಎಂದು ಫೋನಿಟ್ಟ.

ಮನೆಗೆ ಬಂದವನೇ ಟ್ರಂಕಿನಿಂದ ತನ್ನ ಮದುವೆಯ ಕೋಟು ತೆಗೆದ. ಹೆಂಡತಿ ಹಣಮಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಯಾಕ್ರೀ, ಇನ್ನೊಂದು ಮದಿವಿ ಮಾಡ್ಕೊಳ್ಳಾಕತ್ತೀರೇನು?"

"ಸಾಹೇಬ್ರು ಬರೋ ಫಂಕ್ಷನ್ ಅದ. ಡಬಲ್ ಕೋಟ್ ಹಾಕಬೇಕಂತ ಮೇಡಂ ಹೇಳ್ಯಾರ."

"ಡಬಲ್ ಅಂದ್ರ?"

"ಒಂದರ ಮ್ಯಾಲ ಒಂದು."

"ಮೇ ತಿಂಗಳು ರೀ ಇದು! ಅಂಗಳದಾಗ ಹಪ್ಪಳ ಹಾಕಿದ್ರ ಕರಿಯೋದ ಬೇಕಾಗಿಲ್ಲ. ನೀವು ಕೋಟಿನ ಮ್ಯಾಲ ಕೋಟು ಹಾಕ್ತೀನಂತೀರಿ?"

"ನಿನಗ ಪ್ರೋಗ್ರಾಮಿಂಗ್ ತಿಳಿಯಂಗಿಲ್ಲ, ಸುಮ್ಮಿರು" ಎಂದು ತಾಯಪ್ಪ, ಎರಡನೆಯ ಕೋಟಿಗಾಗಿ ಬ್ಯಾಂಡಿನ ಆಂಜನೇಯನ ಮನೆಗೆ ಹೋದ. ಹಿತ್ತಾಳೆ ಗುಂಡಿ, ಹೆಗಲಿಗೆ ಜರಿಯ ಗೊಂಡೆ ಇದ್ದ ಕೆಂಪು ಕೋಟು ಸಿಕ್ಕಿತು. ಎರಡನ್ನೂ ತೊಟ್ಟು ಅಳತೆ ನೋಡಿಕೊಂಡೇ ಸಮಿತಿಯ ಸಭೆಗೆ ಬಂದ.

ಚನ್ನವೀರಪ್ಪನವರು ಕಂಡು ಗಾಬರಿಯಾದರು. "ಏನಪ್ಪಾ ಇದು?"

"ಡಬಲ್ ಕೋಟ್ ರೀ ಸರ್. ದೊಡ್ಡ ಫಂಕ್ಷನ್‌ದಾಗ ಈಗ ಇದ ನಿಯಮ. ಹಾಕಲಿಲ್ಲಂದ್ರ ಮರ್ಯಾದಿ ಹೋಗ್ತದಂತ."

ಅಧ್ಯಕ್ಷರಿಗೆ ಜೀವನದಲ್ಲಿ ಒಂದೇ ಭಯ, ಮರ್ಯಾದೆಯದು. ಅವರು ನನ್ನ ಕಡೆ ನೋಡಿದರು. ಆ ದಿನದ ಠರಾವು ಈ ಕೈಯಿಂದಲೇ ಬರೆದದ್ದು, ಸುಳ್ಳು ಹೇಳಲಾರೆ: 'ಸಮಾರಂಭದ ದಿನ ಸಮಿತಿಯ ಎಂಟೂ ಸದಸ್ಯರು ಡಬಲ್ ಕೋಟ್ ಧರಿಸತಕ್ಕದ್ದು. ಸರ್ವಾನುಮತ.'

ಅದೇ ಸಭೆಯಲ್ಲಿ ತಾಯಪ್ಪ ಇನ್ನೊಂದು ಸುದ್ದಿ ಹೇಳಿದ. ಸ್ಕ್ರಿಪ್ಟು ಓಡಿಸಿದ್ದಾಯಿತು, ಮಾನಪತ್ರಗಳು ತಯಾರು, ಒಟ್ಟು ತೊಂಬತ್ತಾರು.

"ನಲವತ್ತೆರಡು ಅಂದಿದ್ದಿ?"

ತಾಯಪ್ಪ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟ. ಅವನಿಗೂ ಅದು ಹೊಸ ಸುದ್ದಿ. ಆದರೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಿಗೆ ಒಗ್ಗುವುದಿಲ್ಲ. "ನಾ ಹುಡುಕಿದ್ದು ನಲವತ್ತೆರಡು ರೀ. ಉಳಿದವರ್ನ ಕಂಪ್ಯೂಟರ್ ಹುಡುಕಿ ತಗದದ" ಎಂದ.

ಅಧ್ಯಕ್ಷರ ಎದೆ ಉಬ್ಬಿತು. ಅಂದೇ ಪತ್ರಿಕೆಗೆ ತೊಂಬತ್ತಾರು ಸೂಲಗಿತ್ತಿಯರ ಸನ್ಮಾನವೆಂದು ಪ್ರಕಟಣೆ ಹೋಯಿತು. ತೊಂಬತ್ತಾರು ಶಾಲು, ತೊಂಬತ್ತಾರು ತೆಂಗಿನಕಾಯಿ ಬಂದವು. ಮಾನಪತ್ರಗಳು ಚೌಕಟ್ಟು ಹಾಕಿಸಿಕೊಂಡು, ಹಳೆ ಪೇಪರು ಸುತ್ತಿಕೊಂಡು ಬಂದವು. ಬಿಚ್ಚಿ ನೋಡುವ ಬುದ್ಧಿ ನಮ್ಮ ಎಂಟು ಜನರಲ್ಲಿ ಒಬ್ಬರಿಗೂ ಬರಲಿಲ್ಲ. ನಾವೆಲ್ಲ ಎರಡನೆಯ ಕೋಟು ಹುಡುಕುವುದರಲ್ಲಿದ್ದೆವು.

ಸಮಾರಂಭದ ದಿನ ರಾಯಚೂರಿನ ಬಿಸಿಲು ತನ್ನ ಕರ್ತವ್ಯವನ್ನು ಚೆನ್ನಾಗಿ ನಿರ್ವಹಿಸಿತು. ಅಧ್ಯಕ್ಷರು ಕಾಶಿಗೆ ಹೋದಾಗ ಕೊಂಡ ಉಣ್ಣೆಯ ಕೋಟಿನ ಮೇಲೆ ಅಳಿಯನ ಕೋಟು ಬಿಗಿದಿದ್ದರು. ಅವರ ಕೈಗಳು ದೇಹದಿಂದ ಒಂದು ಗೇಣು ದೂರವೇ ನಿಂತಿದ್ದವು. ಮೂವರಿಗೆ ಆಂಜನೇಯನ ಬ್ಯಾಂಡಿನ ಕೋಟೇ ಗತಿಯಾಗಿತ್ತು. ನನ್ನ ಬಳಿ ಇದ್ದದ್ದು ಒಂದೇ ಕೋಟಾದ್ದರಿಂದ ಮೇಲೆ ಮಳೆಕೋಟು ಹಾಕಿಕೊಂಡಿದ್ದೆ. ಅದರೊಳಗೆ ನಾನು ಬೆಂದ ಬಗೆಯನ್ನು ಇಲ್ಲಿ ವಿವರಿಸುವುದಿಲ್ಲ.

ಮುಖ್ಯ ಅತಿಥಿ ಸಾಹೇಬರು ಪರವೂರಿನವರು, ಶಾಂತ ಸ್ವಭಾವದವರು. ಬಾಗಿಲಲ್ಲಿ ಸಾಲಾಗಿ ನಿಂತ ನಮ್ಮನ್ನು ನೋಡಿ ಮುಗುಳ್ನಕ್ಕು, "ಯಾಕೆ ಸುಮ್ಮನೆ ನಿಂತಿದ್ದೀರಿ? ಬಾರಿಸಿ, ಬಾರಿಸಿ" ಎಂದರು.

"ನಾನು ಅಧ್ಯಕ್ಷ ಅದೀನ್ರಿ" ಎಂದರು ಚನ್ನವೀರಪ್ಪನವರು.

"ಒಳ್ಳೆಯದು. ಬ್ಯಾಂಡಿಗೂ ಒಬ್ಬ ಅಧ್ಯಕ್ಷರು ಬೇಕು" ಎಂದು ಸಾಹೇಬರು ಒಳಗೆ ನಡೆದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ನಲವತ್ತೆರಡು ತಾಯಂದಿರು, ಹಿಂದೆ ಅವರ ಮಕ್ಕಳು, ಮೊಮ್ಮಕ್ಕಳು, ಊರಿನವರು. ಬಿಸ್ಮಿಲ್ಲಾ ಬೀ ಬಿಳಿ ಸೀರೆಯ ಸೆರಗು ತಲೆ ತುಂಬ ಹೊದ್ದು, ಮೊದಲ ಸಾಲಿನ ತುದಿಯಲ್ಲಿ ಕೋಲು ಹಿಡಿದು ಕೂತಿದ್ದಳು. ತಾಯಪ್ಪ ಮೈಕಿನ ಮುಂದೆ ಬಂದು, ಮೊದಲ ಚೌಕಟ್ಟಿನ ಪೇಪರು ಬಿಚ್ಚಿ, ಗಂಟಲು ಸರಿಮಾಡಿಕೊಂಡ.

"ಶ್ರೀಮತಿ ಗೋಪಮ್ಮ!"

ಗೋಪಮ್ಮ ಬಂದಳು. ಶಾಲು, ಕಾಯಿ, ಮಾನಪತ್ರ, ಚಪ್ಪಾಳೆ. ಎಲ್ಲವೂ ಸುಸೂತ್ರ. ತಾಯಪ್ಪ ಎರಡನೆಯದನ್ನು ಬಿಚ್ಚಿದ.

"ಶ್ರೀಮತಿ ನೀರಮಾನ್ವಿ!"

ಸಭೆಯಲ್ಲಿ ನೀರಮಾನ್ವಿಯವರು ಹದಿನೇಳು ಮಂದಿ ಇದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಊರಿಗೆ ಊರನ್ನೇ ಕರೆಯುತ್ತಿದ್ದಾರೆಂದ ಮೇಲೆ ಕೂತಿರುವುದು ಹೇಗೆ? ಹದಿನೇಳೂ ಮಂದಿ ಎದ್ದು ವೇದಿಕೆಗೆ ನಡೆದರು. ಮುಂದೆ ಮೀಸೆಯ ದುರುಗೇಶ. ಸಾಹೇಬರು ಒಂದು ಕ್ಷಣ ತಡೆದು, ಕೊನೆಗೆ ಅವನಿಗೇ ಶಾಲು ಹೊದಿಸಿದರು. ಹೆರಿಗೆ ಮಾಡಿಸುವ ಕಲೆಯಲ್ಲಿ ಅವನ ದೀರ್ಘ ಸೇವೆಯನ್ನು ಕೊಂಡಾಡಿದ ಮಾನಪತ್ರ ಅವನ ಕೈ ಸೇರಿತು.

"ದುರುಗೇಶಪ್ಪಾ, ಅದು ನಿಂದಲ್ಲೋ" ಎಂದು ನಾನು ಕಿವಿಯಲ್ಲಿ ಹೇಳಿದೆ.

"ಊರಿಗಿ ಕೊಟ್ಟ ಮರ್ಯಾದಿ ರೀ ಇದು. ತಿರುಗಿ ಕೊಟ್ರ ಊರಾಗ ನನ್ನ ಒಳಗ ಬಿಡ್ತಾರೇನ್ರಿ?" ಎಂದು ಅವನು ಚೌಕಟ್ಟನ್ನು ಎದೆಗೆ ಅವುಚಿಕೊಂಡ.

ತಾಯಪ್ಪನ ಹಣೆಯಿಂದ ಬೆವರು ಇಳಿಯತೊಡಗಿತು. ಇನ್ನೊಂದು ಬಿಚ್ಚಿದ. "ಶ್ರೀಮತಿ ಬಿಸ್ಮಿಲ್ಲಾ!"

ಯಾರೂ ಏಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುನವ್ವರ್ ಬೀ ಮೊಣಕೈಯಿಂದ ತಿವಿದಳು. ಬಿಸ್ಮಿಲ್ಲಾ ಬೀ ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. "ಅದು ನಾನಲ್ಲ" ಎಂದಳು. ಇಡೀ ಸಭೆಗೆ ಕೇಳಿಸಿತು.

ಇನ್ನೇನು ಮಾಡಬೇಕೆಂದು ತೋಚದೆ ತಾಯಪ್ಪ ಮುಂದಿನದನ್ನು ಓದಿಬಿಟ್ಟ. "ಶ್ರೀಮತಿ ಬೀ!"

ಹನ್ನೊಂದು ಮುದುಕಿಯರು ಒಟ್ಟಿಗೆ ಎದ್ದರು. "ನಾ ಬೀ" ಎಂದಳೊಬ್ಬಳು. "ನಾನೂ ಬೀ" ಎಂದಳಿನ್ನೊಬ್ಬಳು. ಒಂದು ಶಾಲಿಗೆ ಹನ್ನೊಂದು ಹೆಗಲು. ಮುನವ್ವರ್ ಬೀ ಎಲ್ಲರಿಗಿಂತ ಮುಂದಿದ್ದಳು. ಹನ್ನೆರಡನೆಯವಳು ಮಾತ್ರ ಕೂತಲ್ಲಿಂದ ಅಲುಗದೆ ತಾಯಪ್ಪನನ್ನೇ ನೋಡುತ್ತಿದ್ದಳು. ಮುಂದಿನ ಚೌಕಟ್ಟಿನಲ್ಲಿ 'ಶ್ರೀಮತಿ ಮಸರಕಲ್' ಎಂದಿತ್ತು. ಅದನ್ನು ಅವನು ಓದಲಿಲ್ಲ. ಆ ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ತೊಂಬತ್ತಾರು ಸೂಲಗಿತ್ತಿಯರಿರಲಿಲ್ಲ, ನಲವತ್ತೆರಡು ಹೆಸರುಗಳ ತುಂಡುಗಳಿದ್ದವು. ಅವ್ವನ ಆಣೆ ಹಾಕಿ ಮಾತು ಕೊಟ್ಟ ಹೆಸರನ್ನು ಅವನೇ ಮೂರು ತುಂಡು ಮಾಡಿದ್ದ.

"ಮತ್ತ ಅದನ್ನ ಮಾಡಿದ್ಯೇನೋ ಬೇಟಾ?" ಎಂದಳು ಬಿಸ್ಮಿಲ್ಲಾ ಬೀ. ಗದರಿಸಲಿಲ್ಲ. ಗದರಿಸಿದ್ದರೆ ತಾಯಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೋಲೂರಿ ಏಳತೊಡಗಿದಳು. ಮುಖ ವೇದಿಕೆಯ ಕಡೆಗಿರಲಿಲ್ಲ, ಬಾಗಿಲಿನ ಕಡೆಗಿತ್ತು.

ಆಗ ನಾಲ್ಕನೆಯ ಸಾಲಿನಿಂದ ಜಾಹೆದಾ ಮೇಡಂ ದಡದಡನೆ ವೇದಿಕೆ ಹತ್ತಿದರು. "ತಾಯಪ್ಪ! ನಾ ಏನ್ ಹೇಳಿದ್ದೆ? ಡಬಲ್ ಕೋಟ್ ಹಾಕ್ರಿ ಅಂತ ಹೇಳಿದ್ದಿಲ್ಲೇನ್ರಿ?"

ತಾಯಪ್ಪ ಎರಡೂ ಕೈ ಅಗಲಿಸಿದ. ಅವನ ಕಣ್ಣಲ್ಲಿ ನೀರಿತ್ತು. "ಹಾಕೀನಲ್ರೀ ಮೇಡಂ! ನೋಡ್ರಿ, ಎರಡೂ ಹಾಕೀನಿ. ನಾ ಅಷ್ಟ ಅಲ್ಲ, ಇಡೀ ಕಮಿಟಿ ಹಾಕ್ಯಾರ!"

ಮೇಡಂ ನಮ್ಮ ಎಂಟು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಮಳೆಕೋಟಿನ ಮೇಲೆ ಅವರ ದೃಷ್ಟಿ ಕೊಂಚ ಹೆಚ್ಚು ಹೊತ್ತು ನಿಂತಿತು. "ಹೆಸರಿಗಿ ಹಾಕ್ರಿ ಅಂದಿದ್ದೆ" ಎಂದರು.

"ಬರೇ ಹೆಸರಿಗಲ್ರಿ ಮೇಡಂ, ಮನಸ್ಪೂರ್ತಿ ಹಾಕೀನಿ!"

"ಯಪ್ಪಾ, ಹೆಸರಿನ ಆ ಕಡಿ ಈ ಕಡಿ ಎರಡೆರಡು ಗೀಟು ಹಾಕ್ತಾರಲ್ರೀ, ಯಾರರ ಆಡಿದ ಮಾತು ಬರಿಯೋ ಮುಂದ! ಅದಕ್ಕ ಡಬಲ್ ಕೋಟ್ ಅಂತಾರ. ಶೆಲ್ಲಿಗಿ ಹೆಸರಿನ ನಡುವ ಖಾಲಿ ಜಾಗ ಕಂಡ್ರ ಅಲ್ಲಿಗಿ ಹೆಸರು ಮುಗೀತು ಅಂತ ತಿಳ್ಕೊಂಡು ಕತ್ತರಿಸಿಬಿಡ್ತದ. ಗೀಟು ಹಾಕಿದ್ರ ಕತ್ತರಿಸಂಗಿಲ್ಲ."

ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ ಬಿಸ್ಮಿಲ್ಲಾ ಬೀ ನಿಂತಳು. ತಿರುಗಿ ಕೇಳಿದಳು. "ಅಂದ್ರ ಆ ಮಷೀನಿಗಿ ಎಲ್ಲಿ ಕೊಯ್ಯಬೇಕು, ಎಲ್ಲಿ ಕೊಯ್ಯಬಾರ್ದು ಗೊತ್ತಿಲ್ಲೇನು?"

"ಗೊತ್ತಿಲ್ಲಮ್ಮಾ."

"ಮತ್ತ ಅದರ ಕೈಯಾಗ ಕತ್ತರಿ ಯಾಕ ಕೊಟ್ರಿ?"

ನಲವತ್ತೆರಡು ಸೂಲಗಿತ್ತಿಯರೂ ಹೌದು ಹೌದು ಎಂದು ತಲೆಯಾಡಿಸಿದರು. ಕಂಪ್ಯೂಟರಿನ ವಿಷಯ ನಮ್ಮ ಸಮಿತಿಗಿಂತ ಮೊದಲು ಅವರಿಗೆ ತಿಳಿಯಿತು. "ಇನ್ನೊಮ್ಮಿ ಮಾಡಾಕ ಬರ್ತದೇನು?" ಎಂದು ಬಿಸ್ಮಿಲ್ಲಾ ಬೀ ಕೇಳಿದಳು. "ಬರ್ತದ ಯವ್ವಾ, ಕೂಡ್ರು" ಎಂದ ತಾಯಪ್ಪ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ವೇದಿಕೆಯ ಮೇಲೆ ಫೋಟೋ ತೋರಿಸಲೆಂದು ದೊಡ್ಡ ಪರದೆ ಕಟ್ಟಿ, ವಾಚನಾಲಯದ ಕಂಪ್ಯೂಟರನ್ನೂ ತಂದಿಟ್ಟಿದ್ದೆವು. ತಾಯಪ್ಪ ಅದರ ಮುಂದೆ ಕೂತ. ಮೇಡಂ ಕೈ ಹಚ್ಚಲು ಹೋದರೆ, "ಬ್ಯಾಡ್ರಿ, ಕೆಡಿಸಿದಾಂವ ನಾನು, ನಾನ ಮಾಡ್ತೀನಿ. ನೀವು ಹೇಳ್ರಿ ಅಷ್ಟ" ಎಂದ. ಅವನ ಬಾಯಿಂದ 'ಹೇಳ್ರಿ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಇತ್ತ ಸಮಿತಿಯಲ್ಲಿ ಜಗಳ ಹತ್ತಿತ್ತು. ತೊಂಬತ್ತಾರು ಎಂದು ಪತ್ರಿಕೆಗೆ ಕೊಟ್ಟವರು ಯಾರು, ಠರಾವು ಬರೆದವರು ಯಾರು ಎಂದು ಎಂಟೂ ಜನ ಬೆವರು ಸುರಿಸುತ್ತ ಕೂಗಾಡುತ್ತಿದ್ದೆವು. ತಾಯಪ್ಪ ಫೋಟೋಗಳಿದ್ದ 'ಹಿರಿಯ ತಾಯಂದಿರು' ಎಂಬ ಫೋಲ್ಡರಿನೊಳಗೆ ಹೋಗಲು ಅದರ ಹೆಸರು ಹೊಡೆದ. ಅದಕ್ಕೂ ಕೋಟ್ ಹಾಕಲಿಲ್ಲ. ಕಂಪ್ಯೂಟರ್ ಒಂದು ಹೆಸರನ್ನು ಎರಡೆಂದು ತಿಳಿದು ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ಟೂ ಮೆನಿ ಆರ್ಗ್ಯುಮೆಂಟ್ಸ್' ಎಂದು ಬರೆಯಿತು. ಸಾಹೇಬರು ಕನ್ನಡಕ ಏರಿಸಿ ಓದಿ, ಸಭೆಗೆ ಕನ್ನಡದಲ್ಲಿ ಹೇಳಿದರು: "'ವಾದ ಜಾಸ್ತಿಯಾಯಿತು' ಎನ್ನುತ್ತಿದೆ."

ಸಮಿತಿ ಥಟ್ಟನೆ ಬಾಯಿ ಮುಚ್ಚಿತು. ಚನ್ನವೀರಪ್ಪನವರು ಕಂಪ್ಯೂಟರಿಗೆ ಕೈ ಮುಗಿದು, "ತಪ್ಪಾತ್ರಿ" ಎಂದರು.

"ಫೋಲ್ಡರಿಗೂ ಕೋಟ್ ಹಾಕ್ರಿ" ಎಂದರು ಮೇಡಂ. ತಾಯಪ್ಪ ಹಾಕಿದ. ಒಳಗೆ ಹೋಯಿತು. "ಈಗ ಮೊದಲ ಅರೇ ಮಾಡ್ಕೊಳ್ರಿ."

"ಅರೇ ಅಂದ್ರ... ಅದೂ ಒಂದು ಸಾಮಾನೇನ್ರಿ?"

"ಮತ್ತೇನು ನಾ ಫೋನಿನ್ಯಾಗ ಆಶ್ಚರ್ಯಪಟ್ಟು ಅರೇ ಅಂದಿದ್ನೇನು? ಅರೇ ಅಂದ್ರ ಮಸಾಲಿ ಡಬ್ಬಿ ಇದ್ದಂಗ, ಖಾನಿ ಖಾನಿ ಇರ್ತಾವ. ಒಂದು ಖಾನ್ಯಾಗ ಒಂದ ಹೆಸರು, ಎಷ್ಟ ಉದ್ದ ಇರ್ಲಿ, ನಡುವ ಎಷ್ಟ ಜಾಗ ಇರ್ಲಿ. ಪಟ್ಟಿ ಓದಿಸಿ ತುಂಬಬ್ಯಾಡ್ರಿ, ಅದ ಕತ್ತರಿ ಬೀಳೋ ಜಾಗ. ನಕ್ಷತ್ರದ ಚಿಹ್ನಿ ಹಾಕ್ರಿ, ಅದು ಒಂದೊಂದ ಫೈಲ್ ಇಡಿಯಾಗಿ ತಂದು ಇಡ್ತದ. ಹೊರಗ ತಗಿಯೋ ಮುಂದ ಮತ್ತ ಕೋಟ್."

"ಕೂಸಿನ್ನ ಎತ್ಕೊಳ್ಳೋ ಮುಂದ ಬಟ್ಟಿ ಸುತ್ತಿ ಎತ್ಕೊಂಡಂಗ" ಎಂದಳು ಮುಂದಿನ ಸಾಲಿನಿಂದ ಗೋಪಮ್ಮ.

"ಹಾಂ, ಹಂಗ ಅಂದ್ಕೋರಿ!"

ತಾಯಪ್ಪ ಒಂದೊಂದೇ ಬೆರಳಿನಿಂದ ಹೊಡೆದ. ಪರದೆಯ ಮೇಲೆ ಗೀಟು ಬಿದ್ದಾಗಲೆಲ್ಲ ಮುದುಕಿಯರು "ಹಾಂ" ಎನ್ನುತ್ತಿದ್ದರು. ಒಂದು ಕಡೆ ಮುಚ್ಚುವ ಗೀಟು ಮರೆತಾಗ ಹಿಂದಿನಿಂದ ಯಾರೋ, "ಈ ಕಡಿ ಬಟ್ಟಿ ಬಿಟ್ಟದ ನೋಡಪಾ" ಎಂದು ಕೂಗಿದರು. ಕಡೆಗೆ ಅವನು ಕಣ್ಣು ಮುಚ್ಚಿ ಕೊನೆಯ ಗುಂಡಿ ಒತ್ತಿದ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿದು ಬಂದವು, ಊರಿನ ಸಮೇತ, ಒಂದೂ ಮುರಿಯದೆ. ಕೆಳಗೆ ಸಂಖ್ಯೆ ಬಂತು: ನಲವತ್ತೆರಡು.

"ಉಳಿದ ಐವತ್ನಾಕು ಮಂದಿ ಎಲ್ಲಿ ಹೋದ್ರೋ?" ಎಂದು ಅಧ್ಯಕ್ಷರು ಗೋಳಾಡಿದರು.

"ಹೋಗಿಲ್ರಿ ಸರ್. ಕೂಡ್ಯಾರ" ಎಂದ ತಾಯಪ್ಪ. ಆ ಮಾತು ಹೇಳುವಾಗ ಅವನ ಮುಖದಲ್ಲಿದ್ದ ಹೆಮ್ಮೆ ಹಿಂದಿನದಲ್ಲ. ಇದನ್ನು ಅವನು ಕೆಲಸ ಮಾಡಿ ಗಳಿಸಿದ್ದ. ನನಗೂ ಅವನ ಬಗ್ಗೆ ಹೆಮ್ಮೆಯೆನಿಸಿತು, ಮಳೆಕೋಟಿನೊಳಗಿಂದಲೇ.

ಮೇಡಂ ಕ್ಲಾಸು ನಡೆಸುವ ಪ್ರಿಂಟಿಂಗ್ ಅಂಗಡಿ ಎದುರಿಗೇ ಇದ್ದದ್ದರಿಂದ ಮಾನಪತ್ರಗಳು ಸ್ವಲ್ಪ ಹೊತ್ತಿನಲ್ಲೇ ಬಿಸಿಬಿಸಿಯಾಗಿ ಬಂದವು. ಸಾಹೇಬರು ಬೇರೆ ಕಾರ್ಯಕ್ರಮವಿದ್ದರೂ ಎದ್ದು ಹೋಗಲಿಲ್ಲ. ತಾಯಪ್ಪ ರಾಶಿಯಿಂದ ಒಂದನ್ನು ಹುಡುಕಿ ತೆಗೆದು, ವೇದಿಕೆ ಇಳಿದು, ಬಿಸ್ಮಿಲ್ಲಾ ಬೀಯ ಕುರ್ಚಿಯ ಮುಂದೆ ಹೋಗಿ ಎರಡೂ ಕೈಯಿಂದ ಚಾಚಿದ. "ತಪ್ಪಾತು ಯವ್ವಾ. ತಗೋ."

ಅವಳು ಕೈ ನೀಡಲಿಲ್ಲ. "ಇಲ್ಲಿ ಬ್ಯಾಡ. ಮ್ಯಾಲ ಹೋಗಿ ಕರಿ. ನನ್ನ ಇನ್ನಾ ಯಾರೂ ಕರದಿಲ್ಲ."

ತಾಯಪ್ಪ ವೇದಿಕೆಗೆ ಹಿಂತಿರುಗಿ ಮೈಕು ಹಿಡಿದ. "ಶ್ರೀಮತಿ ಬಿಸ್ಮಿಲ್ಲಾ ಬೀ, ಮಸರಕಲ್!"

ಈ ಸಲ ಎದ್ದವಳು ಒಬ್ಬಳೇ. ಹಿಡಿಯಲು ಬಂದವರ ಕೈಯನ್ನು ಕೋಲಿನಿಂದ ಸರಿಸಿ, ನಿಧಾನವಾಗಿ, ನೆಟ್ಟಗೆ ನಡೆದಳು. ಹಿಂದಿನ ಸಾಲುಗಳಲ್ಲಿ ಮಸರಕಲ್‌ನವರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ಅವರನ್ನು ಕರೆದಿರಲಿಲ್ಲ. ವೇದಿಕೆಯ ಮೇಲೆ ಚನ್ನವೀರಪ್ಪನವರೂ ಎದ್ದರು. ಚೊಚ್ಚಲ ಮಗನಾದ ಅವರನ್ನು ಹೆರಲು ತಾಯಿ ಬಂದದ್ದು ತವರಾದ ಮಸರಕಲ್‌ಗೆ ಎಂಬುದು ನಮಗೆ ಗೊತ್ತಾದದ್ದು ಆಗಲೇ.

ಸಾಹೇಬರು ಶಾಲು ಹೊದಿಸಿದರು. ಓದು ಬಾರದ ಬಿಸ್ಮಿಲ್ಲಾ ಬೀ ಮಾನಪತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಎಲ್ಲಿಂದ ಎಲ್ಲಿ ತನಕ ನಾನು?"

ತಾಯಪ್ಪ ಅವಳ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟು ಕೊನೆಯ ಅಕ್ಷರದವರೆಗೆ ನಡೆಸಿದ. ನಡುವೆ ಒಂದು ಕಡೆ ಬೆರಳು ನಿಂತಿತು.

"ಇಲ್ಲೇನೂ ಬರದಿಲ್ಲಲ್ಲೋ?"

"ಅದು ಖಾಲಿ ಜಾಗ ಯವ್ವಾ, ಬಿಸ್ಮಿಲ್ಲಾಕ್ಕೂ ಬೀಗೂ ನಡುವಿಂದು."

ಬಿಸ್ಮಿಲ್ಲಾ ಬೀ ಆ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಅದೂ ನಂದ ಬೇಟಾ" ಎಂದಳು.